ಗೌರಕ್ಕನ ಸುರುಳಿ

ಬಿಸಿಲಿಗೆ ಕಾದ ಫ್ಲೆಕ್ಸಿನ ಮೇಲೆ ಹಸಿ ಮೆಕ್ಕೆಜೋಳ ಹರವಿದರೆ ಒಂದು ವಾಸನೆ ಏಳುತ್ತದೆ. ಹೊಸ ಚಪ್ಪಲಿಯ ಡಬ್ಬಿಯೊಳಗೆ ಯಾರೋ ಬೆಲ್ಲದ ಅಚ್ಚು ಇಟ್ಟು ಮರೆತ ಹಾಗೆ. ಅದನ್ನು ಒಳ್ಳೆಯ ವಾಸನೆ ಎಂದು ಯಾರೂ ಹೇಳಲಾರರು. ನನಗೆ ಮಾತ್ರ ಅದು ಬಂದರೆ ಮೂಗು ಅರಳುತ್ತದೆ.

ಈ ಸಲ ದೀಪಾವಳಿ ಕಳೆದ ಮೇಲೆ ಶಿಕಾರಿಪುರದಿಂದ ಸೊರಬಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ನೆಂಟರ ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು. ಶಿರಾಳಕೊಪ್ಪ ದಾಟಿದ ಮೇಲೆ ರಸ್ತೆಯ ಅರ್ಧ ಬಸ್ಸಿಗೆ, ಅರ್ಧ ಜೋಳಕ್ಕೆ. ಡ್ರೈವರ್ ಒಂದು ಕಡೆಯ ಗಾಲಿಗಳನ್ನು ಮಣ್ಣಿಗಿಳಿಸಿ, ಮಲಗಿದ ಮಗುವನ್ನು ದಾಟುವವನ ಹಾಗೆ ನಿಧಾನಕ್ಕೆ ಓಡಿಸುತ್ತಿದ್ದ. ಕಿಟಕಿಯಿಂದ ಆ ವಾಸನೆ ಬಂತು. ಗೌರಕ್ಕನ ನೆನಪಾಗಿ ಒಬ್ಬಳೇ ನಕ್ಕೆ. ಪಕ್ಕದ ಸೀಟಿನ ಹೆಂಗಸು ತನ್ನ ಚೀಲವನ್ನು ಸ್ವಲ್ಪ ಹತ್ತಿರಕ್ಕೆಳೆದುಕೊಂಡಳು.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಡಾಕ್ಟರಲ್ಲ. ಡಾಕ್ಟರು ಬರುವ ತನಕ ಹಸುವನ್ನೂ ಹಸುವಿನ ಯಜಮಾನನನ್ನೂ ಸಮಾಧಾನ ಮಾಡುವುದು, ಅವರು ಹೋದ ಮೇಲೆ ಹೇಳಿದ್ದನ್ನು ಇನ್ನೊಮ್ಮೆ ಬಿಡಿಸಿ ಹೇಳುವುದು, ನಡುವೆ ಲಸಿಕೆ ಚುಚ್ಚುವುದು, ಇಷ್ಟು ನನ್ನ ಕಸುಬು. ಹುಟ್ಟಿದ್ದು ಉಡುತಡಿಯ ಬಯಲಿನಲ್ಲಿ, ಮದುವೆಯಾಗಿ ಸೇರಿದ್ದು ಶಿಕಾರಿಪುರ. ಕೆಲವು ವರ್ಷಗಳ ಹಿಂದೆ ಮುಂಗಾರು ಶುರುವಾಗುವುದಕ್ಕೂ ನನಗೆ ಸೊರಬ ತಾಲೂಕಿನ ಒಂದು ಹಳ್ಳಿಗೆ ವರ್ಗವಾಗುವುದಕ್ಕೂ ಸರಿಹೋಯಿತು.

"ಸೊರಬ ಏನ್ ದೂರ ಐತಿ ಬಿಡು, ಕೂಗಿದ್ರ ಕೇಳಿಸ್ತೈತಿ" ಎಂದರು ನನ್ನ ಗಂಡ.

"ಹಂಗಾದ್ರ ನೀವು ಇಲ್ಲಿಂದ ಕೂಗ್ತಾ ಇರ್ರಿ, ನಾ ಅಲ್ಲಿಂದ ಅಡಿಗಿ ಮಾಡ್ತೀನಿ" ಎಂದು ಟ್ರಂಕು ಕಟ್ಟಿದೆ.

ಆ ಊರು ಗುಡವಿಯ ಹತ್ತಿರದ್ದು. ಗುಡವಿಯ ಕೆರೆಗೆ ಬರುವ ಬಿಳಿ ಹಕ್ಕಿಗಳು ಸಂಜೆ ನಮ್ಮ ಆಸ್ಪತ್ರೆಯ ಮೇಲೆಯೇ ಹಾದು ಹೋಗುತ್ತಿದ್ದವು. ಹೋಗುವಾಗ ಒಣಹಾಕಿದ ಬಟ್ಟೆಯ ಮೇಲೆ ತಪ್ಪದೆ ರುಜು ಹಾಕಿ ಹೋಗುತ್ತಿದ್ದವು. ಅವುಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಾನು ಎರಡು ಬಿಳಿ ಕೋಟು ಹಾಳಾದ ಮೇಲೆ ತಲೆಯೆತ್ತಿ ನೋಡುವುದನ್ನೇ ಬಿಟ್ಟೆ.

ಬಾಡಿಗೆಗೆ ಒಂದು ಕೋಣೆ ಇದೆ ಎಂದು ಆಸ್ಪತ್ರೆಯ ಜವಾನ ನನ್ನನ್ನು ಗೌರಕ್ಕನ ಮನೆಗೆ ಕರೆದುಕೊಂಡು ಹೋದ. ಜಗಲಿಯ ಮೇಲೆ ಅರವತ್ತರ ಆಸುಪಾಸಿನ ಕುಳ್ಳು ಹೆಂಗಸೊಬ್ಬಳು ಈಳಿಗೆಮಣೆಯ ಮೇಲೆ ಕೂತು, ಸವೆದ ಹವಾಯಿ ಚಪ್ಪಲಿಯೊಂದನ್ನು ಬದನೆಕಾಯಿ ಹೆಚ್ಚುವ ಶ್ರದ್ಧೆಯಲ್ಲಿ ಹೆಚ್ಚುತ್ತಿದ್ದಳು. ನನಗೆ ಬಾಯಿ ಕಟ್ಟಿಕೊಂಡು ಗೊತ್ತಿಲ್ಲ.

"ಏನ್ರೀ ಅಕ್ಕ, ಪಲ್ಯಕ್ಕ?" ಎಂದೆ.

ಅವಳು ನಗಲಿಲ್ಲ. ದಪ್ಪ ಕನ್ನಡಕದೊಳಗಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಯಾವ ಜನ ಎಂಬ ಯಾವ ಪ್ರಶ್ನೆಯೂ ಬರಲಿಲ್ಲ.

"ಕುತ್ಕಳಿ. ನಿಮ್ಮ ಆಸ್ಪತ್ರೇಲಿ ಎಂತೆಂತ ಬಿಸಾಕ್ತೀರಿ?" ಎಂದಳು.

ಲಸಿಕೆ ಬಾಟಲಿಯ ನೀಲಿ ಮುಚ್ಚಳ, ದನದ ಕಿವಿಯಿಂದ ಕಿತ್ತುಬಿದ್ದ ಹಳದಿ ಬಿಲ್ಲೆ, ಗುಳಿಗೆಯ ಬೆಳ್ಳಿ ಕಾಗದ ಎಂದು ನಾನು ಹೇಳುತ್ತ ಹೋದ ಹಾಗೆ ಅವಳ ಮುಖ ಅರಳುತ್ತ ಹೋಯಿತು. ಕೋಣೆ ಸಿಕ್ಕಿತು. ಸೂಜಿಯನ್ನೂ ಗಾಜನ್ನೂ ಕೇಳಬಾರದು ಎಂದು ನಾನು ಷರತ್ತು ಹಾಕಿದೆ. ಮುಚ್ಚಳಗಳನ್ನು ಮಾತ್ರ ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಒಂದು ಡಬ್ಬಿಯಲ್ಲಿ ತಂದುಕೊಡುತ್ತಿದ್ದೆ. ಬೇರೆಯವರ ಮನೆಗೆ ಹೂವು ಹಣ್ಣು ಒಯ್ಯುವ ಹಾಗೆ ನಾನು ಆ ಮನೆಗೆ ಮುಚ್ಚಳ ಒಯ್ದೆ.

ಗೌರಕ್ಕ ಊರಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಿದ್ದವಳು. ಒಂದು ದಿನ ಅನ್ನದ ಪಾತ್ರೆ ತಳ ಹಿಡಿಯಿತಂತೆ. ಜೊತೆಯವಳು ತಿಕ್ಕಲು ಬೂದಿ ತಂದರೆ, ಇವಳು ಆ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕರಿ ಎಲ್ಲಿ ಕಂದಾಗಿದೆ, ಕಂದು ಎಲ್ಲಿ ಬಿಳಿಯಾಗಿದೆ ಎಂದು ನೋಡುತ್ತ ನಿಂತುಬಿಟ್ಟಳಂತೆ. ಅವತ್ತು ಸಾರಿಗೂ ತಳ ಹಿಡಿಯಿತು. ಅಡುಗೆ ಕೆಲಸ ಬಿಟ್ಟ ಮೇಲೆ ಅವಳ ಕೈಗೆ ಸಿಕ್ಕಿದ್ದು ಫ್ಲೆಕ್ಸು. ಹುಟ್ಟುಹಬ್ಬದ ಶುಭಾಶಯ, ಗಣೇಶನ ಹಬ್ಬಕ್ಕೆ ಸ್ವಾಗತ, ನಿಮ್ಮ ಅಮೂಲ್ಯ ಮತ ಎಂದು ಕಂಬಕ್ಕೆ ಕಟ್ಟುತ್ತಾರಲ್ಲ, ಕೆಲಸ ಮುಗಿದ ಮೇಲೆ ಅವು ಯಾರಿಗೂ ಬೇಡ. ಅವುಗಳ ಹಿಂಬದಿಯ ಬಿಳಿಯ ಮೇಲೆ ಅವಳು ಬಣ್ಣ ಹಾಕುತ್ತಿದ್ದಳು. ಬಣ್ಣವೂ ಕೊಂಡದ್ದಲ್ಲ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿದ ಕೆಂಪು ಚೊಗರು, ರಸ್ತೆಯವರು ಬಿಟ್ಟುಹೋದ ಡಾಂಬರು, ಶಾಲೆಗೆ ಬಳಿದು ಮಿಕ್ಕ ಸುಣ್ಣ, ಕೆಮ್ಮಣ್ಣು, ಒಲೆಯ ಬೂದಿ. ಅದರ ಮೇಲೆ ಟ್ಯೂಬಿನ ತುಂಡು, ಬಳೆಚೂರು, ಚಪ್ಪಲಿ. ಅಂಟಿಸಲು ಹುಣಸೆಬೀಜ ನೆನೆಸಿ ರುಬ್ಬಿ ಕುದಿಸಿದ ಅಂಟು.

ಹೀಗೆ ಹೇಳಿದರೆ ಆ ಊರಿನವರಿಗೆ ಚಿತ್ರವೆಂದರೆ ಏನೆಂದು ಗೊತ್ತಿರಲಿಲ್ಲ ಎಂದು ಯಾರಾದರೂ ಅಂದುಕೊಂಡಾರು. ಹಾಗಲ್ಲ. ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುವ ಹೆಂಗಸರು ಆ ಕೇರಿಯಲ್ಲೇ ಇದ್ದರು. ಅವರ ಒಂದೊಂದು ಗೆರೆಗೂ ಹೆಸರಿದೆ. ಗಂಧದ ಮರದಲ್ಲಿ ಆನೆ ಕೆತ್ತುವವರ ಮನೆಗಳು ಸೊರಬದಲ್ಲಿವೆ. ಅವರ ಆನೆ ಆನೆಯೇ. ಗೌರಕ್ಕನ ಚಿತ್ರದಲ್ಲಿ ಆನೆಯೂ ಇರಲಿಲ್ಲ, ಹೆಸರಿರುವ ಗೆರೆಯೂ ಇರಲಿಲ್ಲ. ಅದೇ ಎಲ್ಲರಿಗೂ ತೊಡಕು. ಪಕ್ಕದ ಮನೆಯ ಸಾವಿತ್ರಿ ಹಾಲು ಕೊಡಲು ಬಂದಾಗಲೆಲ್ಲ ಕೇಳುತ್ತಿದ್ದಳು.

"ಇದು ಎಂತದು ಗೌರಕ್ಕ?"

"ಇದು ಇದೇ."

"ಇದೇ ಅಂದ್ರೆ ಎಂತ?"

"ನಿನ್ನ ನೋಡಿ ಯಾರಾದ್ರೂ ಇದು ಎಂತದು ಅಂತ ಕೇಳ್ತಾರನ?"

ಸಾವಿತ್ರಿ ಹಾಲಿನ ಪಾತ್ರೆ ತೆಗೆದುಕೊಂಡು ನಗುತ್ತ ಹೋಗುವಳು. ಮರುದಿನ ಅದೇ ಪ್ರಶ್ನೆ. ಕೆಲವು ಪ್ರಶ್ನೆಗಳನ್ನು ಉತ್ತರ ಬೇಕೆಂದು ಕೇಳುವುದಿಲ್ಲ, ಊಟ ಆಯ್ತಾ ಎಂದ ಹಾಗೆ.

ನನಗೂ ಚಿತ್ರವೆಂದರೆ ಕ್ಯಾಲೆಂಡರಿನದು. ಆದರೆ ನನ್ನ ಕೆಲಸದಲ್ಲಿ ಮಾತು ಬಾರದ ಪ್ರಾಣಿಯ ಮುಂದೆ ಸುಮ್ಮನೆ ನಿಲ್ಲುವುದು ಅಭ್ಯಾಸ. ಎಮ್ಮೆ ತನಗೆ ಏನಾಗಿದೆ ಎಂದು ಹೇಳುವುದಿಲ್ಲ. ಅದರ ಕಿವಿ, ಕಣ್ಣು, ನಿಂತ ರೀತಿ ನೋಡುತ್ತ ನಿಲ್ಲಬೇಕು. ಗೌರಕ್ಕನ ಚಿತ್ರದ ಮುಂದೆಯೂ ಹಾಗೇ ನಿಲ್ಲುತ್ತಿದ್ದೆ. ಏನೂ ತಿಳಿಯುತ್ತಿರಲಿಲ್ಲ, ಆದರೆ ಬೇಸರವೂ ಬರುತ್ತಿರಲಿಲ್ಲ. ಅವಳಿಗೆ ಅಷ್ಟು ಸಾಕಾಗಿತ್ತು. ವಾರ ಕಳೆಯುವುದರೊಳಗೆ ಬಹುವಚನ ಬಿಟ್ಟು ನನ್ನನ್ನು 'ಡಾಕ್ಟ್ರಮ್ಮ, ಬಾರೆ' ಎನ್ನತೊಡಗಿದಳು.

ಆ ವರ್ಷ ಅವಳು ಕೈಯಲ್ಲಿ ಹಿಡಿದದ್ದು ಒಂದೇ ಚಿತ್ರ, ಅದರ ಉದ್ದ ಮಾತ್ರ ಮುಗಿಯುತ್ತಿರಲಿಲ್ಲ. ಫ್ಲೆಕ್ಸಿಗೆ ಫ್ಲೆಕ್ಸು ಹೊಲಿದು ಉದ್ದ ಮಾಡುತ್ತಿದ್ದವನು ಅವಳ ಗಂಡ ಚೌಡಪ್ಪಣ್ಣ. ಅವನು ಅಕ್ಕಿ ಗಿರಣಿಯಲ್ಲಿ ಜೀವಮಾನವಿಡೀ ಚೀಲದ ಬಾಯಿ ಹೊಲಿದವನು. ಮಾತು ಕಡಿಮೆ, ಹೊಲಿಗೆ ನೆಟ್ಟಗೆ. ಹೆಂಡತಿಯ ಚಿತ್ರದ ಬಗ್ಗೆ ಯಾರಾದರೂ ಕೇಳಿದರೆ 'ಎಂತದೋ ಮಾಡ್ತಾಳೆ' ಎಂದು ದಬ್ಬಳಕ್ಕೆ ಸುತಳಿ ಪೋಣಿಸುತ್ತಿದ್ದ. ಒಂದು ದಿನ ಏನೋ ಮಾತಿಗೆ ಮಾತು ಬೆಳೆದು, ಸಿಟ್ಟಿನಲ್ಲೇ ಹೊಲಿಯುತ್ತ ಹೋದವನು ಒಂದು ಹೊಲಿಗೆಯನ್ನು ಸೊಟ್ಟಗೆ ಹೊಡೆದುಬಿಟ್ಟ. ಮಾರನೆಯ ದಿನ ಸಿಟ್ಟಿಳಿದ ಮೇಲೆ ಬಿಚ್ಚಲು ಕೂತರೆ ಗೌರಕ್ಕ ಬಿಡಲಿಲ್ಲ.

"ಮುಟ್ಟಬ್ಯಾಡಿ. ಅದರ ಗುಂಟ ನನ್ನ ಬಣ್ಣ ಹೋಗೈತೆ."

"ಊರೋರು ನೋಡಿದ್ರೆ ಚೌಡಪ್ಪಂಗೆ ಕೈ ನಡುಗ್ತೈತೆ ಅಂತಾರೆ."

"ಅನ್ಲಿ ಬಿಡಿ."

ಆ ಸೊಟ್ಟ ಹೊಲಿಗೆ ಚೌಡಪ್ಪಣ್ಣನಿಗೆ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗಾಯಿತು. ಊಟಕ್ಕೆ ಕೂತಾಗ, ಬಾಗಿಲು ಹಾಕುವಾಗ, ನೆನಪಾದಾಗಲೆಲ್ಲ 'ಆ ಹೊಲಿಗೆ ಬಿಚ್ತೀನಿ' ಎನ್ನುತ್ತಿದ್ದ. ಅವಳು 'ಬ್ಯಾಡ' ಎನ್ನುತ್ತಿದ್ದಳು. ನಾನು ಇದ್ದಷ್ಟು ಕಾಲವೂ ಆ ಮನೆಯಲ್ಲಿ ಗಂಡ ಹೆಂಡತಿಯ ಜಗಳವೆಂದರೆ ಅದೊಂದೇ.

ಮನೆಯ ನಡುಕೋಣೆ ಚಿಕ್ಕದು. ಅದರಲ್ಲಿ ಒಂದು ಚಾಪೆಯಗಲದಷ್ಟು ಬಿಚ್ಚಿಕೊಂಡು ಗೌರಕ್ಕ ಕೆಲಸ ಮಾಡುವಳು. ಅದು ಒಣಗಿದ ಮೇಲೆ ಒಂದು ತುದಿಯಿಂದ ಸುತ್ತುವಳು, ಇನ್ನೊಂದು ತುದಿಯಿಂದ ಹೊಸದು ಬಿಚ್ಚುವಳು. ಮಳೆಗಾಲದಲ್ಲಿ ಹಾಕಿದ ಬಣ್ಣ ಸುರುಳಿಯ ಹೊಟ್ಟೆಯೊಳಗೆ ಹೋಗಿ ಕೂತಿತ್ತು. ಗೌರಿ ಹಬ್ಬದ ಹೊತ್ತಿಗೆ ಆ ಸುರುಳಿ ಬಾಳೆಯ ದಿಂಡಿಗಿಂತ ದಪ್ಪವಾಗಿತ್ತು. ಅಂದರೆ ತಾನು ಮಾಡುತ್ತಿದ್ದ ಚಿತ್ರವನ್ನು ಅವಳು ಒಮ್ಮೆಯೂ ಪೂರ್ತಿ ನೋಡಿರಲಿಲ್ಲ. ಇದು ನನಗೆ ಹೊಳೆದದ್ದು ತಡವಾಗಿ. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಕೇಳಿದೆ.

"ಗೌರಕ್ಕ, ಇದು ಯಾವಾಗ ಮುಗಿತೈತ್ರಿ?"

ಅವಳು ಲೋಟ ಕೆಳಗಿಟ್ಟಳು. "ಅದೇ ಕಣೆ ನಂಗೂ ಗೊತ್ತಾಗ್ತಿಲ್ಲ. ಮುಗ್ದೇ ಹೋಗೈತೇನೋ. ಮುಗಿದ ಮೇಲೂ ಹಾಕ್ತಾ ಹೋದ್ರೆ ಕೆಡ್ತದೆ, ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕಿದಂಗೆ. ಒಂದ್ಸಲ ಇಡೀದು ಕಣ್ಣಿಗೆ ಬಿದ್ರೆ ಹೇಳ್ಬೋದು. ಒಂದೇ ಸಲ ಸಾಕು."

ಅಷ್ಟು ಹೊತ್ತಿಗೆ ಇನ್ನೊಂದು ಗಂಡಾಂತರ ಬಂದಿತ್ತು. ಹುಣಸೆಬೀಜದ ಅಂಟು ಇಲಿಗೆ ಪಾಯಸ. ಅಟ್ಟದ ಮೇಲಿಟ್ಟಿದ್ದ ಸುರುಳಿಯನ್ನು ಇಲಿಗಳು ಎರಡೂ ತುದಿಯಿಂದ ಕೊರೆಯತೊಡಗಿದ್ದವು. ಇಳಿಸಿ ನೋಡಿದರೆ ಮಳೆಗಾಲದ ಮೊದಲ ಭಾಗದಲ್ಲಿ ಚಪ್ಪಲಿ ಚೂರುಗಳು ಕಿತ್ತು, ಬಣ್ಣ ಹೆರೆದು ಹೋಗಿತ್ತು. ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಬೋನು ಇಟ್ಟೆ, ಬೇವಿನೆಣ್ಣೆ ಸವರಿದೆ, ಸಾವಿತ್ರಿಯ ಬೆಕ್ಕನ್ನು ಎರವಲು ತಂದೆ. ಬೆಕ್ಕು ಸುರುಳಿಯ ಮೇಲೆ ಬೆಚ್ಚಗೆ ಮಲಗಿ ನಿದ್ದೆ ಹೋಯಿತು. ಇಲಿಗಳು ಕೆಳಗೆ ತಮ್ಮ ಪಾಡಿಗೆ ತಾವು ತಿಂದವು. ಮುಂದಿನ ಮಳೆಗಾಲದ ಹೊತ್ತಿಗೆ ನೋಡಲು ಚಿತ್ರವೇ ಉಳಿದಿರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ನೋಡುವುದಾದರೆ ಈ ಸುಗ್ಗಿಯಲ್ಲೇ ನೋಡಬೇಕು.

ಸೊರಬದಿಂದ ಒಬ್ಬ ಡ್ರಾಯಿಂಗ್ ಮೇಷ್ಟ್ರನ್ನು ನಾನೇ ಕರೆತಂದೆ. ಒಳ್ಳೆಯ ಮನುಷ್ಯ. ಚಾಪೆಯಗಲದ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದನ್ನ ತುಂಡು ಮಾಡಿ ಒಂದೊಂದಕ್ಕೆ ಫ್ರೇಮ್ ಹಾಕ್ಸಿ. ಚೆನ್ನಾಗಿ ಕಾಣ್ತವೆ" ಎಂದರು.

"ಸೀರೆ ಹರಿದು ಕರ್ಚೀಫು ಮಾಡು ಅಂತೀರಿ" ಎಂದಳು ಗೌರಕ್ಕ. ಅವರಿಗೆ ಮಾತ್ರ ಚಹಾದ ಜೊತೆ ಚಕ್ಕುಲಿ ಕೊಟ್ಟಳು.

ಆಮೇಲೆ ಶಾಲೆಯ ಕಾಂಪೌಂಡು ಗೋಡೆ ನೆನಪಾಯಿತು. ಉದ್ದನೆಯ ಗೋಡೆ, ಇಡೀ ಚಿತ್ರ ಹಿಡಿಸುತ್ತದೆ. ಹೆಡ್‌ಮೇಷ್ಟ್ರು ಮೊದಲು ಒಪ್ಪಿದರು. ಒಂದು ತುದಿ ಕಟ್ಟಿ ಇನ್ನೊಂದು ತುದಿ ಬಿಚ್ಚುವಷ್ಟರಲ್ಲಿ ಗಾಳಿ ಬೀಸಿ ಫ್ಲೆಕ್ಸು ಮಗುಚಿಕೊಂಡಿತು. ಹಿಂಬದಿಯಲ್ಲಿ ನಾಯಕರು ಸಾಲಾಗಿ ಕೈ ಮುಗಿದು ನಿಂತಿದ್ದರು. ಆಗ ಯಾವುದೋ ಚುನಾವಣೆ ಬಂದಿತ್ತು, ನೀತಿ ಸಂಹಿತೆ ಜಾರಿಯಲ್ಲಿತ್ತು. ಹೆಡ್‌ಮೇಷ್ಟ್ರ ಮುಖ ಬಿಳಿಚಿತು.

"ಅಕ್ಕ, ಮುಂದೆ ನಿಮ್ಮ ಚಿತ್ರ ಇರ್ಬೋದು. ಹಿಂದೆ ಎಲ್ಲಾ ಪಾರ್ಟಿನೂ ಐತೆ. ಯಾರಾದ್ರೂ ಫೋಟೋ ಹೊಡ್ದು ಕಳ್ಸಿದ್ರೆ ನನ್ನ ಕೆಲ್ಸ ಹೋಗ್ತದೆ" ಎಂದು ಅವರೇ ದಾರ ಬಿಚ್ಚಿದರು. ಅವರನ್ನು ತಪ್ಪು ಎನ್ನುವ ಹಾಗೂ ಇರಲಿಲ್ಲ.

ಕೊನೆಗೆ ಉಪಾಯ ಹೊಳೆದದ್ದು ನನಗೆ. ಶಾಲೆಯ ಪಕ್ಕದಲ್ಲೇ ಊರಿನ ಕಣ ಇತ್ತು, ಸಗಣಿ ಸಾರಿಸಿ ಗಟ್ಟಿ ಮಾಡಿದ ದೊಡ್ಡ ಜಾಗ. ಚಿತ್ರವನ್ನು ಅಲ್ಲಿ ಹಾಸಿ, ಶಾಲೆಯ ತಾರಸಿ ಹತ್ತಿ ಮೇಲಿನಿಂದ ನೋಡಿದರಾಯಿತು. ಗೌರಕ್ಕನ ಮಂಡಿಗೆ ಮೆಟ್ಟಿಲು ಕಷ್ಟ, ಆದರೆ ಅವಳು 'ತೆವಳ್ಕಂಡಾದ್ರೂ ಹತ್ತೀನಿ' ಎಂದಳು. ದೀಪಾವಳಿ ಕಳೆದು ಕೆಲವು ದಿನ ಮೋಡ ಕವಿದು ಕೂತಿತ್ತು. ಮೋಡ ಚದುರಿ ಬಿಸಿಲು ಬಂದ ಮಧ್ಯಾಹ್ನ ನಾವು ಮೂವರೂ ಸುರುಳಿಯನ್ನು ಕಣಕ್ಕೆ ಹೊತ್ತೊಯ್ದೆವು. ಎಷ್ಟೋ ತಿಂಗಳು ಸುತ್ತಿಟ್ಟಿದ್ದರಿಂದ ಅದು ಬಿಚ್ಚಿದರೂ ಮತ್ತೆ ಸುತ್ತಿಕೊಳ್ಳುತ್ತಿತ್ತು. ಚೌಡಪ್ಪಣ್ಣ ಅದನ್ನು ಬಣ್ಣ ಕೆಳಗೆ ಮಾಡಿ ಬೋರಲು ಹಾಸಿ, ಅಂಚಿಗೆ ಕಲ್ಲು ಹೇರಿದ. ಒಂದು ರಾತ್ರಿ ಹಾಗೇ ಬಿದ್ದಿದ್ದರೆ ಸೆಟೆತ ಹೋಗುತ್ತದೆ, ಬೆಳಿಗ್ಗೆ ಮಗುಚಿ ತಾರಸಿ ಹತ್ತುವುದು ಎಂದು ಮಾತಾಯಿತು.

ಬೆಳಿಗ್ಗೆ ನನಗೆ ಒಂದು ಹಸುವಿನ ಹೆರಿಗೆಗೆ ಕರೆ ಬಂತು. ಕರು ಅಡ್ಡ ತಿರುಗಿತ್ತು, ತಡವಾಯಿತು. ಗೌರಕ್ಕ ನಾನಿಲ್ಲದೆ ಹೋಗುವುದಿಲ್ಲ ಎಂದು ಹೊಸ ಸೀರೆ ಉಟ್ಟು ಜಗಲಿಯಲ್ಲಿ ಕಾದು ಕೂತಿದ್ದಳು. ನಾನು ಬಂದು ಕೈಕಾಲು ತೊಳೆದ ಮೇಲೆ ಮೂವರೂ ಹೊರಟೆವು. ಕಣದ ತಿರುವಿನಲ್ಲೇ ಆ ವಾಸನೆ ಬಂತು.

ಚಿತ್ರ ಕಾಣುತ್ತಿರಲಿಲ್ಲ. ಫ್ಲೆಕ್ಸೂ ಕಾಣುತ್ತಿರಲಿಲ್ಲ. ಈ ತುದಿಯಿಂದ ಆ ತುದಿಯ ತನಕ ಹಳದಿ ಜೋಳ ಹರವಿತ್ತು. ಸಾವಿತ್ರಿಯ ಗಂಡ ನಾಗರಾಜ ಹಲಗೆ ಹಿಡಿದು ಅದನ್ನು ಸಮ ಮಾಡುತ್ತಿದ್ದ. ಕೇರಿಯ ಉಳಿದವರೂ ತಮ್ಮ ತಮ್ಮ ರಾಶಿ ಸುರಿದಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುಗ್ಗಿಯಲ್ಲಿ ಕಣದ ಮೇಲೆ ಖಾಲಿ ಹಾಸು ಕಂಡರೆ ಕೇಳದೆ ಸುರಿಯುವುದು ಆ ಊರಿನ ಪದ್ಧತಿ. ಇಂದು ನನ್ನ ಹಾಸಿನ ಮೇಲೆ ನಿನ್ನದು, ನಾಳೆ ನಿನ್ನದರ ಮೇಲೆ ನನ್ನದು. ಕೇಳಿದರೇ ತಪ್ಪು, 'ಏನು, ನಮ್ಮನ್ನ ಹೊರಗಿನೋರು ಅಂದ್ಕಂಡ್ಯ' ಎಂದು ಬೈಸಿಕೊಳ್ಳಬೇಕು. ಮೋಡದ ದಿನಗಳು ಕಳೆದು ಮೊದಲ ಬಿಸಿಲು ಬಿದ್ದಿದೆ, ಕಣದಲ್ಲಿ ಅಷ್ಟುದ್ದದ ಹಾಸು ನೀಟಾಗಿ ಕಲ್ಲು ಹೇರಿಕೊಂಡು ಬಿದ್ದಿದೆ, ಮೇಲೆ ನಾಯಕರು ಕೈ ಮುಗಿದು ಕರೆಯುತ್ತಿದ್ದಾರೆ. ಯಾರು ಬಿಟ್ಟಾರು?

ಗೌರಕ್ಕನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಾಗರಾಜ, ಕೇಳಕ್ಕೆ ಬಾಯಿ ಇರ್ಲಿಲ್ಲನ?"

ನಾಗರಾಜ ಹಲಗೆ ಹಿಡಿದುಕೊಂಡೇ ಕಣ್ಣು ಕಣ್ಣು ಬಿಟ್ಟ. "ಕೇಳದಾ? ಯಾವತ್ತು ಕೇಳೀವಿ ಅಕ್ಕ?"

ಅವನು ಹೇಳಿದ್ದು ನಿಜ. ಅವನ ಟಾರ್ಪಾಲಿನ ಮೇಲೆ ಅವಳು ಎಷ್ಟು ವರ್ಷ ಹಪ್ಪಳ ಒಣಗಿಸಿಲ್ಲ! ಕೆಳಗಿರುವುದು ಚಿತ್ರ ಎಂದು ಚೌಡಪ್ಪಣ್ಣ ಹೇಳಿದಾಗ ಸಾವಿತ್ರಿ ಸೆರಗು ಬಾಯಿಗಿಟ್ಟುಕೊಂಡಳು. ಈಗಲೇ ತುಂಬಿ ತೆಗೀತೀವಿ ಎಂದು ನಾಗರಾಜ ಚೀಲಕ್ಕೆ ಓಡಿದ. ಗೌರಕ್ಕ ಬಗ್ಗಿ ಜೋಳದೊಳಗೆ ಕೈ ಹಾಕಿದಳು. ಒಳಗೆ ಬೆಚ್ಚಗಿತ್ತು. ಮೋಡದ ದಿನಗಳಲ್ಲಿ ರಾಶಿಯಲ್ಲೇ ಕೂತ ಜೋಳ ಕಾವು ಹಿಡಿದಿತ್ತು. ಈಗ ಚೀಲಕ್ಕೆ ತುಂಬಿದರೆ ಬೂಷ್ಟು ಬರುವುದು ಖಂಡಿತ. ಕೇರಿಯಲ್ಲಿ ಬೇರೆ ಅಷ್ಟುದ್ದದ ಹಾಸೂ ಇರಲಿಲ್ಲ. ಅವಳು ನಾಗರಾಜನನ್ನು ಕೂಗಿ ನಿಲ್ಲಿಸಿದಳು.

"ಇರ್ಲಿ. ಒಣಗ್ಲಿ" ಎಂದಳು. ಹೊಸ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಜೋಳದೊಳಗೆ ಇಳಿದಳು. ಕಾಲೆಳೆದುಕೊಂಡು ಸಾಲು ಸಾಲಾಗಿ ನಡೆಯುತ್ತ ಅದನ್ನು ಮಗುಚತೊಡಗಿದಳು. ಕಾಳು ಒಣಗಿಸುವ ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಅವಳು ನಡೆಯುತ್ತಿದ್ದುದು ತನ್ನ ಚಿತ್ರದ ಮೇಲೆ.

ಆಮೇಲಿನ ದಿನಗಳು ಕೇರಿಗೆಲ್ಲ ಪರೀಕ್ಷೆ. ಗೌರಕ್ಕ ಯಾರ ಜೊತೆಯೂ ಜಗಳ ಮಾಡಲಿಲ್ಲ, ಅದೇ ಭಯ. ಸಾರಿಗೆ ಉಪ್ಪಿರುತ್ತಿರಲಿಲ್ಲ. ಚೌಡಪ್ಪಣ್ಣ ಸೊಟ್ಟ ಹೊಲಿಗೆಯ ಮಾತೆತ್ತುವುದನ್ನು ಬಿಟ್ಟ. ಸಂಜೆ ಪಶ್ಚಿಮಕ್ಕೆ ಸ್ವಲ್ಪ ಮೋಡ ಕಂಡರೂ ಎಲ್ಲರಿಗಿಂತ ಮೊದಲು ಕಣಕ್ಕೆ ಓಡಿ ಜೋಳ ಗುಡ್ಡೆ ಮಾಡುತ್ತಿದ್ದವಳು ಅವಳೇ. ಸಾವಿತ್ರಿ ಹಾಲಿನ ಜೊತೆ ಒಂದು ಮುಷ್ಟಿ ಹೂವನ್ನೂ ತಂದಿಟ್ಟು, ಏನನ್ನೂ ಕೇಳದೆ ಹೋಗುತ್ತಿದ್ದಳು.

ಜೋಳ ಒಣಗಿತು. ಕಾಳು ಕಡಿದರೆ ಕಟಕ್ಕೆಂದಿತು. ಬಿಸಿಲಿಳಿಯುವ ಹೊತ್ತಿಗೆ ಕೇರಿಯ ಗಂಡಸರು ಹೆಂಗಸರೆಲ್ಲ ಬಂದು ಚೀಲ ತುಂಬಿದರು. ಕೊನೆಯ ಚೀಲದ ಬಾಯಿ ಹೊಲಿದು ಸುತಳಿ ಕತ್ತರಿಸಿದ ಚೌಡಪ್ಪಣ್ಣ, ಆ ಇಡೀ ಮಳೆಗಾಲದಲ್ಲಿ ಆಡಿದ್ದಕ್ಕಿಂತ ಉದ್ದದ ಮಾತೊಂದನ್ನು ಆಡಿದ.

"ಹೆಂಗೂ ಎಲ್ರೂ ಇದೀರಿ. ಮಡಚೋಕೆ ಮುಂಚೆ ಒಂದ್ಸಲ ಎತ್ತಿ ನಿಲ್ಸಿ ಹಿಡೀರಿ. ಅವಳು ನೋಡ್ಲಿ."

ಎಲ್ಲರೂ ಹಾಸಿನ ಮೇಲೆ ಬಂದು, ಗದ್ದೆಯತ್ತ ಇದ್ದ ಅಂಚಿಗೆ ಸಾಲಾಗಿ ಬಗ್ಗಿದರು. ನಾನೂ ಬಗ್ಗಿದೆ. 'ಹೂಂ' ಎಂದು ನಾಗರಾಜ ಹೇಳಿದ ಕೂಡಲೇ ಹಿಂದೆ ಸರಿಯುತ್ತ ಎತ್ತಿದೆವು. ಫ್ಲೆಕ್ಸು ಭಾರವಾಗಿ ಮೇಲೆದ್ದು, ಅದರ ಮೇಲಂಚು ನಮ್ಮ ಗದ್ದಕ್ಕೆ ಬಂತು. ನಮಗೆ ಕಾಣುತ್ತಿದ್ದುದು ನಾಯಕರ ಮುಖ, ಗಣೇಶನ ಸೊಂಡಿಲು, ಶುಭಾಶಯ. ಚಿತ್ರ ಇದ್ದದ್ದು ಆಚೆ ಬದಿಗೆ, ಗೌರಕ್ಕನ ಕಡೆಗೆ.

ಅವಳು ಕಣ ಇಳಿದು ಕೊಯ್ದ ಗದ್ದೆಯೊಳಗೆ ಹಿಂದೆ ಹಿಂದೆ ಹೋದಳು. ಕೂಳೆ ಚುಚ್ಚುತ್ತಿದ್ದರೂ ಕೆಳಗೆ ನೋಡಲಿಲ್ಲ. ಬದುವಿನ ಹತ್ತಿರ ನಿಂತು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಅವಳ ಕುತ್ತಿಗೆ ಎಡದಿಂದ ಬಲಕ್ಕೆ ನಿಧಾನಕ್ಕೆ ತಿರುಗಿತು, ಒಂದು ಕಡೆ ನಿಂತಿತು, ಸ್ವಲ್ಪ ಹಿಂದೆ ಹೋಯಿತು, ಮತ್ತೆ ಮುಂದುವರಿಯಿತು. ಚಿತ್ರ ಕಾಣದ ನಾವೆಲ್ಲ ಅವಳ ಮುಖ ನೋಡುತ್ತ ನಿಂತೆವು. ಅವಳು ಅಳುತ್ತಿದ್ದಳು, ಒರೆಸಿಕೊಳ್ಳಲೂ ಇಲ್ಲ. ನನಗೂ ಕಣ್ಣು ತುಂಬಿ ಬಂತು.

"ಮುಗ್ದೈತನ ಅಕ್ಕ?" ನಾಗರಾಜ ಕೂಗಿದ.

ಅವಳು ಗದ್ದೆ ದಾಟಿ ವಾಪಸು ಬಂದಳು. ಸುರುಳಿಯ ತುದಿಯಲ್ಲಿ ನಿಂತಿದ್ದ ಸಾವಿತ್ರಿಯ ಭುಜ ಮುಟ್ಟಿದಳು.

"ಮುಗ್ದೈತೆ. ಇಲ್ಲಿ ಕೊಡು, ನಾ ಹಿಡ್ಕತೀನಿ. ನೀ ಹೋಗಿ ನೋಡ್ಕಂಡು ಬಾ."

ಸಾವಿತ್ರಿ ಹೋದಳು. ಬದುವಿನ ಹತ್ತಿರ ನಿಂತು ಬಹಳ ಹೊತ್ತು ನೋಡಿ ಬಂದು, "ನನ್ನ ಬಳೆ ಚೂರು ಅಲ್ಲೈತೆ" ಎಂದಷ್ಟೇ ಹೇಳಿ ಪಕ್ಕದವಳ ಜಾಗದಲ್ಲಿ ನಿಂತು ಹಿಡಿದುಕೊಂಡಳು. ಪಕ್ಕದವಳು ಹೋದಳು. ಹೀಗೆ ಒಬ್ಬರು ಬಂದು ಒಬ್ಬರನ್ನು ಬಿಡಿಸಿದರು. ನಾಗರಾಜ ತನ್ನ ಟ್ರ್ಯಾಕ್ಟರಿನ ಟ್ಯೂಬನ್ನು ಗುರುತಿಸಿ ಬಂದ. ಎಂತದು ಎಂದು ಯಾರೂ ಕೇಳಲಿಲ್ಲ. ಚೌಡಪ್ಪಣ್ಣ ಮಾತ್ರ ತನ್ನ ಮೂಲೆ ಬಿಡಲಿಲ್ಲ. 'ನಾ ಹೊಲ್ದವ್ನು, ನಂಗೆ ಗೊತ್ತೈತೆ' ಎಂದ.

ನನ್ನ ಸರದಿ ಕೊನೆಗೆ ಬಂತು. ಬದುವಿನ ಹತ್ತಿರ ನಿಂತು ತಿರುಗಿದೆ. ಎಡಗಡೆ ಡಾಂಬರಿನ ಕಪ್ಪು, ಇಲಿ ತಿಂದ ಕಡೆ ಅದರಲ್ಲಿ ಬಿಳಿ ಕಂಡಿಗಳು. ಕಪ್ಪು ಕರಗುತ್ತ ಬೂದಿಯ ಬಣ್ಣ, ಬೂದಿಯಿಂದ ಚೊಗರಿನ ಕೆಂಪು. ನಡುವೆ ಆ ಸೊಟ್ಟ ಹೊಲಿಗೆ, ಅದರ ಗುಂಟ ಕೆಂಪು ನೀರಿನ ಹಾಗೆ ತಿರುಗಿ ಹೋಗಿತ್ತು. ಕೆಂಪಿನ ಮೇಲೆ ನನ್ನ ಆಸ್ಪತ್ರೆಯ ನೀಲಿ ಮುಚ್ಚಳಗಳು ಮೊದಲು ಒಂದೆರಡು, ಆಮೇಲೆ ಹಿಂಡಾಗಿ. ಕೊನೆಯಲ್ಲಿ ಸುಣ್ಣದ ಬಿಳಿ, ಬೇರೇನೂ ಇಲ್ಲ. ಅದು ಯಾವುದರ ಚಿತ್ರವೂ ಆಗಿರಲಿಲ್ಲ. ಆದರೆ ಆ ಮಳೆಗಾಲ ಅಷ್ಟುದ್ದಕ್ಕೂ ನಾನು ಆ ಊರಿನಲ್ಲಿ ಇದ್ದೆ ಎಂಬುದು ನನಗೆ ಅದನ್ನು ನೋಡಿದ ಮೇಲೆಯೇ ಗಟ್ಟಿಯಾದದ್ದು. ಮೇಲಂಚಿನ ಗುಂಟ ಕೇರಿಯವರ ತಲೆಗಳಿದ್ದವು. ತುದಿಯಲ್ಲಿ ತಲೆ ಇರಲಿಲ್ಲ, ಅಂಚನ್ನು ಬಿಗಿಯಾಗಿ ಹಿಡಿದ ಗೌರಕ್ಕನ ಗಿಡ್ಡ ಬೆರಳುಗಳು ಮಾತ್ರ ಕಂಡವು.

ಮುಗಿದ ಚಿತ್ರವನ್ನು ಅವಳು ಅಟ್ಟಕ್ಕೆ ಏರಿಸಲಿಲ್ಲ. ಅಂಟಿಸಿದ್ದನ್ನೆಲ್ಲ ಚೌಡಪ್ಪಣ್ಣನಿಂದ ಹೊಲಿಸಿ, ಅಂಟು ತೊಳೆದು, ನಾಗರಾಜನ ಕೊಟ್ಟಿಗೆಯ ತೊಲೆಗೆ ಇಳಿಬಿಟ್ಟಳು. ಜೋಳಕ್ಕೆ ಬೇಕಾದಾಗ ತಗಳ್ರಿ, ಬೋರಲು ಹಾಸ್ರಿ ಅಂದಳು. ಮರುವರ್ಷ ನನಗೆ ಶಿಕಾರಿಪುರಕ್ಕೆ ವಾಪಸು ವರ್ಗವಾಯಿತು.

ಈ ಸಲ ಹೆಸರಿಡುವ ಶಾಸ್ತ್ರ ಮುಗಿಸಿ, ಊಟ ಮಾಡಿದ ಕೈ ಆರುವ ಮೊದಲೇ ಗುಡವಿ ಕಡೆಯ ಬಸ್ಸು ಹತ್ತಿದೆ. ಕಣದಲ್ಲಿ ಜೋಳ ತುಂಬುತ್ತಿದ್ದರು. ನಾಯಕರ ಮುಖಗಳೆಲ್ಲ ಬಿಸಿಲಿಗೆ ಬೆಳ್ಳಗಾಗಿ, ಯಾರದೋ ಮೀಸೆ ಮಾತ್ರ ಉಳಿದಿತ್ತು. ನಾನು ಮೆಲ್ಲಗೆ ಒಂದು ಮೂಲೆ ಎತ್ತಿ ನೋಡಿದೆ. ನೀಲಿ ಮುಚ್ಚಳ ಇತ್ತು.

"ಯಾರದು, ಜೋಳ ಚೆಲ್ತದೆ" ಎಂದು ಸಾವಿತ್ರಿ ಗದರಿಸಿ, ಗುರುತು ಸಿಕ್ಕಿ ನಕ್ಕಳು. "ಒಳ್ಳೆ ಹೊತ್ತಿಗೆ ಬಂದ್ರಿ ಮೇಡಂ. ಎತ್ತಕ್ಕೆ ಒಂದು ಕೈ ಕಮ್ಮಿ ಇತ್ತು. ಚೌಡಪ್ಪಣ್ಣಂಗೆ ಈಗ ನಿಲ್ಲಕ್ಕಾಗಲ್ಲ. ಅವರು ಬರೀ ನೋಡೋರು."

ಜೋಳ ತೆಗೆದು ಮಡಚುವ ಮೊದಲು ಒಮ್ಮೆ ಎತ್ತಿ ಹಿಡಿಯುವುದು ಆ ಕೇರಿಯಲ್ಲಿ ಈಗ ಪದ್ಧತಿಯೇ ಆಗಿದೆಯಂತೆ. ಆಚೆ ಗದ್ದೆಯ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಚೌಡಪ್ಪಣ್ಣನನ್ನು ಕೂರಿಸಿದ್ದರು. ಅವನು ಬಿಟ್ಟ ಮೂಲೆ ನನಗೆ ಬಂತು. ಆ ತುದಿಯಿಂದ ಗೌರಕ್ಕ 'ಗಟ್ಟಿ ಹಿಡಿಯೇ ಡಾಕ್ಟ್ರಮ್ಮ' ಎಂದಳು. ಎತ್ತಿದೆವು. ಚೌಡಪ್ಪಣ್ಣನ ಕಣ್ಣು ಎಡದಿಂದ ಬಂದು ನಡುವೆ ಒಂದು ಕಡೆ ನಿಂತಿತು.

"ಏ ಗೌರಿ."

"ಎಂತ?" ಫ್ಲೆಕ್ಸಿನ ಹಿಂದಿನಿಂದ, ಅವನಿಗೆ ತಲೆ ಕಾಣದ ತುದಿಯಿಂದ ಅವಳ ದನಿ ಬಂತು.

"ಆ ಹೊಲಿಗೆ ಬಿಚ್ಚದು ಬ್ಯಾಡ ಕಣೆ."

"ಕುರ್ಚಿಗೆ ಬಂದಾಗಿಂದ ವರ್ಷ ವರ್ಷನೂ ಇದನ್ನೇ ಹೇಳ್ತೀರಿ" ಎಂದಳು ಗೌರಕ್ಕ. "ಆತು, ಇನ್ನೊಂಚೂರು ಹೊತ್ತು ನೋಡಿ."

ನನ್ನ ಭುಜ ಸೋತು ಬರುತ್ತಿತ್ತು. ಯಾರೂ ಇಳಿಸಲಿಲ್ಲ. ನಾನೂ ಇಳಿಸಲಿಲ್ಲ.